ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಬರುವವರೇ, ಪಿಜಿಗೆ ಟೋಕನ್ ಹಣ ಹಾಕುವ ಮುನ್ನ ಇದನ್ನು ಓದಿ

ಬೇಸಿಗೆಯ ಇಂಟರ್ನ್‌ಶಿಪ್‌ಗಾಗಿ ಹೊರ ಜಿಲ್ಲೆಗಳಿಂದ ಬೆಂಗಳೂರಿಗೆ ಬರಲಿರುವ ವಿದ್ಯಾರ್ಥಿಗಳೂ ಅವರ ಪೋಷಕರೂ ತಿಳಿದಿರಲೆಂದು, ವೈಟ್‌ಫೀಲ್ಡ್ ಭಾಗದ ಪಿಜಿಯೊಂದರಲ್ಲಿ ಮೊದಲ ದಿನವೇ ನನಗಾದ ಅನುಭವವನ್ನು ಹಣದ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನಗೆ ಐಟಿಪಿಎಲ್ ಟೆಕ್ ಪಾರ್ಕ್ ಸಮೀಪದ ಕಂಪನಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಪಿಜಿಯ ಜಾಹೀರಾತು ನೋಡಿ ಫೋನ್ ಮಾಡಿದಾಗ, ಟೂ ಶೇರಿಂಗ್ (ಇಬ್ಬರು ಇರುವ) ಕೋಣೆ, ದೊಡ್ಡ ಕಿಟಕಿ, ತಿಂಗಳಿಗೆ 9,000 ರೂಪಾಯಿ, ಜೂನ್‌ನಲ್ಲಿ ಬೆಡ್ ಉಳಿಯುವುದಿಲ್ಲವಾದ್ದರಿಂದ ಈಗಲೇ 2,000 ಟೋಕನ್ (ಮುಂಗಡ) ಹಾಕಿ ಎಂದರು. ಹಣ ಹೋದ ಖಾತೆಯ ಹೆಸರಿಗೂ ಪಿಜಿಯ ಹೆಸರಿಗೂ ಸಂಬಂಧವಿರಲಿಲ್ಲ. ಕೋಣೆ ಭಾನುವಾರವೇ ಖಾಲಿಯಾಗುತ್ತದೆ, ಅದಕ್ಕೂ ಮೊದಲು ಬರಬೇಡಿ ಎಂದು ಎರಡೆರಡು ಬಾರಿ ಹೇಳಿದರು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದ ಹುಡುಗನಿಗೆ ಭಾನುವಾರ ಸಂಜೆ ಬೇರೆ ಜಾಗ ಹುಡುಕಲು ಸಮಯವಿರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದೇ ನಾನು ಈಗ ನಂಬಿದ್ದೇನೆ.

ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವವರೆಗೆ ಯಾವ ತೊಂದರೆಯೂ ಆಗಲಿಲ್ಲ. ಪಿಜಿಯಲ್ಲಿ ತೋರಿಸಿದ್ದು ಒಂದೇ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಭಾಗ ಮಾಡಿ, ಒಂದೊಂದರಲ್ಲಿ ಮೂರು ಮಂಚ ತುರುಕಿದ್ದ ಜಾಗ. ಹಲಗೆ ಛಾವಣಿಯವರೆಗೆ ಮುಟ್ಟಿರಲಿಲ್ಲ. ಆಚೆ ಬದಿಯವರ ಫೋನ್ ಮಾತು ಅಕ್ಷರಅಕ್ಷರವೂ ಕೇಳುತ್ತಿತ್ತು. ಜಾಹೀರಾತಿನ ಕಿಟಕಿ ಆ ಬದಿಗೆ ಸೇರಿತ್ತು. ನನ್ನ ಮಂಚದ ತಲೆದೆಸೆಯಲ್ಲಿ ಮುಚ್ಚಳ ಕಿತ್ತುಬಂದ ಸ್ವಿಚ್ ಬೋರ್ಡ್‌ನಿಂದ ತಂತಿಗಳು ಹೊರಗೆ ಇಣುಕುತ್ತಿದ್ದವು. ‘ಸದ್ಯಕ್ಕೆ ಇಲ್ಲಿರಿ, ವಾರದಲ್ಲಿ ಬದಲಾಯಿಸಿ ಕೊಡುತ್ತೇವೆ’ ಎಂದ ಮ್ಯಾನೇಜರ್, ತಿಂಗಳ ಬಾಡಿಗೆ ಮತ್ತು 9,000 ಠೇವಣಿ ಕೊಟ್ಟ ಮೇಲಷ್ಟೇ ಬೀಗದ ಕೈ ಎಂದರು. ಮೂಲ ಆಧಾರ್ ಕಾರ್ಡ್ ಖಾಲಿ ಮಾಡುವವರೆಗೆ ತಮ್ಮ ಬಳಿಯೇ ಇರಬೇಕೆಂದೂ ಕೇಳಿದರು.

ರಸೀದಿಯ ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಿಯಮಗಳಿದ್ದವು. ಟೋಕನ್ ಹಿಂತಿರುಗಿಸುವುದಿಲ್ಲ, ಯಾವತ್ತು ಸೇರಿದರೂ ಬಾಡಿಗೆಯ ತಿಂಗಳು 1ನೇ ತಾರೀಖಿನಿಂದಲೇ ಲೆಕ್ಕ, ಖಾಲಿ ಮಾಡಲು ಒಂದು ತಿಂಗಳ ಮುಂಚಿತ ನೋಟಿಸ್, ನಿರ್ವಹಣೆಗೆಂದು ಠೇವಣಿಯಲ್ಲಿ 2,500 ಕಡಿತ. ಜೂನ್ ಮಧ್ಯದಲ್ಲಿ ಬಂದು ಆಗಸ್ಟ್ ಮಧ್ಯದಲ್ಲಿ ಹೊರಡುವ ನಾನು ಈ ಲೆಕ್ಕದಲ್ಲಿ ಮೂರು ತಿಂಗಳ ಬಾಡಿಗೆ ಕಟ್ಟಬೇಕಾಗಿತ್ತು. ಫೋನಿನಲ್ಲಿ 18,000 ಎನಿಸಿದ ವಾಸ್ತವ್ಯ ಕಾಗದದಲ್ಲಿ 29,500 ಆಗುತ್ತಿತ್ತು. ನೋಟಿಸ್ ಕೊಡುವುದು ತುಸು ತಡವಾದರೆ ಉಳಿದ ಠೇವಣಿಯೂ ಹೋಗುತ್ತದೆ. ವರ್ಷಗಟ್ಟಲೆ ಇರುವ ಉದ್ಯೋಗಿಗಳಿಗೆ ಈ ನಿಯಮಗಳು ಅಷ್ಟು ತಟ್ಟುವುದಿಲ್ಲ. ಎರಡು ತಿಂಗಳಿಗೆಂದು ಬರುವ ವಿದ್ಯಾರ್ಥಿಯ ಜೇಬನ್ನೇ ಇವು ಬರಿದು ಮಾಡುತ್ತವೆ. ಆದ್ದರಿಂದ ಹಣ ಹಾಕುವ ಮೊದಲು ರಸೀದಿಯ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ, ಹೊರಡುವ ದಿನಾಂಕವನ್ನು ತಿಳಿಸಿ ಅವರ ಒಪ್ಪಿಗೆಯನ್ನು ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲೇ ಪಡೆಯಿರಿ.

ಆಧಾರ್ ಕೊಡಲು ಒಪ್ಪದೆ ನಾನು ಚೀಲ ಎತ್ತಿಕೊಂಡು ಹೊರಬಂದು, ವಿಜಯನಗರದಲ್ಲಿರುವ ಸಹಪಾಠಿಯ ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಮೂಲ ಆಧಾರ್ ಆಗಲಿ ಅಂಕಪಟ್ಟಿಯಾಗಲಿ ಯಾರ ಬಳಿಯೂ ಒತ್ತೆ ಇಡಬೇಡಿ. ಗುರುತಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು, ಆಧಾರ್ ನೀಡುವ ಯುಐಡಿಎಐ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಪರಿಚಯದವರೇ ಇಲ್ಲದವರು ಮೊದಲ ಎರಡು ರಾತ್ರಿಗಳನ್ನು ದಿನದ ಬಾಡಿಗೆಯ ಡಾರ್ಮಿಟರಿಯಲ್ಲಿ ಕಳೆದು, ಕೋಣೆಯನ್ನು ಕಣ್ಣಾರೆ ಕಂಡು ಹಣ ಕೊಡುವುದು ಮೇಲು. ಅದರ ಖರ್ಚು ಒಂದು ಟೋಕನ್‌ಗಿಂತ ಹೆಚ್ಚಾಗಲಾರದು.

ಕೋಣೆ ನೋಡುವಾಗ ಕೇಳಲು ನಿಮಗೆ ನಿಯಮದ ಬೆಂಬಲವೂ ಇದೆ. 2024ರಲ್ಲಿ ಅಂದಿನ ಬಿಬಿಎಂಪಿ ಹೊರಡಿಸಿದ ಪಿಜಿ ಮಾರ್ಗಸೂಚಿಯಲ್ಲಿ ಪ್ರತಿ ನಿವಾಸಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಪ್ರವೇಶದ್ವಾರದಲ್ಲಿ ಸಿಸಿಟಿವಿ ಇರಬೇಕೆಂದು ಹೇಳಲಾಗಿದೆ. ಪಿಜಿ ನಡೆಸಲು ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು; ಅದನ್ನು ತೋರಿಸಿ ಎಂದು ಕೇಳುವುದು ಉದ್ಧಟತನವಲ್ಲ.

ಜಾಹೀರಾತಿನ ವಿಳಾಸದಲ್ಲಿ ಪಿಜಿಯೇ ಇಲ್ಲದಿದ್ದರೆ ಅದು ಸೈಬರ್ ವಂಚನೆ. ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಸುವ ಸಾಧ್ಯತೆ ಇರುತ್ತದೆ. ಪಿಜಿ ಇದ್ದೂ ಅವರು ಹಣ ಹಿಂತಿರುಗಿಸದಿದ್ದರೆ ಅದು ಗ್ರಾಹಕ ವ್ಯಾಜ್ಯ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಜಾಹೀರಾತಿನ ಸ್ಕ್ರೀನ್‌ಶಾಟ್, ಪಾವತಿಯ ವಿವರ, ಕೋಣೆಯ ಫೋಟೊ ಸೇರಿಸಿ ನಾನು 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಮ್ಯಾನೇಜರ್ ತಾವಾಗಿಯೇ ಕರೆ ಮಾಡಿ, ದೂರು ಹಿಂಪಡೆದರೆ ಅರ್ಧ ಹಣ ಕೊಡುವುದಾಗಿ ಹೇಳಿದರು. ಪೂರ್ತಿ ಹಣ ಖಾತೆಗೆ ಬರುವವರೆಗೆ ಹಿಂಪಡೆಯುವುದಿಲ್ಲವೆಂದು ತಿಳಿಸಿದ್ದೇನೆ.