ಆಫೀಸಿನ ಯಾವ ಇಮೇಲ್‌ಗಳು ಸೋರಿವೆ? ಒಂದು ವರ್ಷ ಬಳಸಿದ ಮೇಲೆ

ನಮ್ಮ ಆಫೀಸಿನ ಕಂಪ್ಯೂಟರ್‌, ಪಾಸ್‌ವರ್ಡ್‌ಗಳ ಜವಾಬ್ದಾರಿ ನನ್ನದು. ಒಂದು ವರ್ಷದಿಂದ ‘ಹ್ಯಾವ್ ಐ ಬೀನ್ ಪೋನ್ಡ್’ ಅನ್ನುವ ವೆಬ್‌ಸೈಟ್ ಬಳಸುತ್ತಿದ್ದೇನೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಇದನ್ನು 2013ರ ಡಿಸೆಂಬರ್‌ನಲ್ಲಿ ಶುರು ಮಾಡಿದರು. ಇಮೇಲ್ ವಿಳಾಸ ಹಾಕಿದರೆ, ಅದು ಯಾವ ಯಾವ ಸೈಟಿನ ಮಾಹಿತಿ ಸೋರಿಕೆಯಲ್ಲಿದೆ ಅಂತ ತೋರಿಸುತ್ತದೆ. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಸಂಸ್ಥೆಗಳಿಗೆ ಬೇಕಾದದ್ದು ಇದರ ಡೊಮೇನ್ ಹುಡುಕಾಟ: ಇಮೇಲ್‌ನಲ್ಲಿ @ ಆದ ಮೇಲೆ ಬರುವ ಹೆಸರು, ಅಂದರೆ ಡೊಮೇನ್, ಕೊಟ್ಟರೆ ಅದರ ಸೋರಿದ ವಿಳಾಸಗಳ ಪಟ್ಟಿ ಸಿಗುತ್ತದೆ.

ಡೊಮೇನ್ ನಮ್ಮದೇ ಅಂತ ಮೊದಲು ಸಾಬೀತು ಮಾಡಬೇಕು. ಅವರು ಕೊಟ್ಟ ಒಂದು ಸಾಲನ್ನು ನಮ್ಮ ಡೊಮೇನ್‌ನ ವಿವರಗಳಿರುವ ಡಿಎನ್‌ಎಸ್ ದಾಖಲೆಗೆ ಸೇರಿಸಿದೆ, ಅಷ್ಟೇ. ಪಟ್ಟಿ ನೋಡಿ ಎದೆ ಧಸಕ್ಕೆಂದಿತು. ಹಳೇ ಸೋರಿಕೆಗಳೇ ಜಾಸ್ತಿ: 2012ರ ಲಿಂಕ್ಡ್‌ಇನ್, ಅದೇ ವರ್ಷದ ಡ್ರಾಪ್‌ಬಾಕ್ಸ್. ಅದಕ್ಕಿಂತ ಕಾಡಿದ್ದು ಕೆಲಸ ಬಿಟ್ಟು ಹೋದವರ ವಿಳಾಸಗಳು. ಆಫೀಸಿನ ಇಮೇಲ್ ಕೊಟ್ಟು ಅವರು ತೆರೆದ ಖಾತೆಗಳು ಇನ್ನೂ ಎಲ್ಲೆಲ್ಲೋ ಇದ್ದವು. ನಾವು ಅವರ ಮೇಲ್‌ಬಾಕ್ಸ್ ಮುಚ್ಚಿ ಸುಮ್ಮನಾಗಿದ್ದೆವು.

ಒಂದು ವಿಷಯ ಮಾತ್ರ ಹುಷಾರು. ಯಾರು ಯಾವ ಸೈಟಿಗೆ ಸೇರಿದ್ದರು ಅನ್ನುವುದೂ ಈ ಪಟ್ಟಿಯಲ್ಲಿ ಕಾಣುತ್ತದೆ. ಅದು ಅವರ ಸ್ವಂತ ವಿಷಯ ಅಲ್ವಾ? ನಮ್ಮ ಮ್ಯಾನೇಜರ್ ಪೂರ್ತಿ ಪಟ್ಟಿ ಕೇಳಿದರು. ನಾನು ಎಷ್ಟು ವಿಳಾಸ ಅಂತ ಲೆಕ್ಕ ಮಾತ್ರ ಕೊಟ್ಟೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಅವರವರ ಸಾಲನ್ನು ಅವರವರಿಗೇ ತೋರಿಸಿದೆ. ಇದನ್ನು ಬಳಸುವ ಎಲ್ಲರಿಗೂ ನಾನು ಹೇಳುವುದು ಇದನ್ನೇ.

ನಮ್ಮ ಪಾಸ್‌ವರ್ಡ್ ಸೋರಿದೆಯಾ ಅಂತ ಹೇಳುವ, ಇದರ ಜೊತೆಗೇ ಇರುವ ಪಾಸ್‌ವರ್ಡ್ ಪರೀಕ್ಷೆ ನನಗೆ ಇನ್ನೂ ಇಷ್ಟ. ಪಾಸ್‌ವರ್ಡ್ ಹೊರಗೆ ಹೋಗುವುದಿಲ್ಲ. ಬ್ರೌಸರ್ ಅದನ್ನು 40 ಅಕ್ಷರಗಳ ಹ್ಯಾಶ್ (ಲೆಕ್ಕ ಹಾಕಿ ತೆಗೆದ ಗುರುತು) ಆಗಿ ಬದಲಿಸಿ, ಮೊದಲ 5 ಅಕ್ಷರ ಮಾತ್ರ ಕಳಿಸುತ್ತದೆ. ಸೋರಿದ ಪಾಸ್‌ವರ್ಡ್‌ಗಳಲ್ಲಿ ಆ 5ರಿಂದ ಶುರುವಾಗುವ ಹ್ಯಾಶ್‌ಗಳೆಲ್ಲ ವಾಪಸ್ ಬರುತ್ತವೆ. ತಾಳೆ ನೋಡುವುದು ನಮ್ಮ ಕಂಪ್ಯೂಟರ್‌ನಲ್ಲೇ.

ಅಕೌಂಟ್ಸ್ ಮೇಡಂ ನನ್ನ ಕುರ್ಚಿಯಲ್ಲಿ ಕೂತರು. ನಾನು ಎದ್ದು ಗೋಡೆ ಕಡೆ ತಿರುಗಿ ನಿಂತೆ. ಕೀಲಿಗಳ ಟಕಟಕ ಸದ್ದು ನಿಂತಿತು. ಸ್ವಲ್ಪ ಹೊತ್ತು ಮಾತೇ ಇಲ್ಲ. “ಸರ್, ಇದು ಸಾವಿರಾರು ಸಲ ಸೋರಿದೆ ಅಂತಿದೆ. ನಾನು ಎಲ್ಲಾ ಕಡೆ ಇದನ್ನೇ ಹಾಕಿದ್ದೀನಿ” ಅಂದರು. 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತ ನಾವೇ ಕಾಟ ಕೊಡುತ್ತಿದ್ದೆವು. ಎಲ್ಲರೂ ಕೊನೆಯ ಅಂಕಿ ಮಾತ್ರ ಬದಲಿಸುತ್ತಿದ್ದರು. ಹಾಗೆ ಸುಮ್ನೆ ಬದಲಿಸುವುದು ಬೇಡ, ಸೋರಿದ ಪಾಸ್‌ವರ್ಡ್‌ಗಳ ಪಟ್ಟಿಯ ಜೊತೆ ತಾಳೆ ನೋಡಿ ಅಂತ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತ್ತು. ನಾವು ಈಗ ಕಲಿತೆವು.

ಕೊರತೆಯೂ ಇದೆ. ಕೈಗೆ ಸಿಕ್ಕ ಸೋರಿಕೆಗಳನ್ನಷ್ಟೇ ಇದು ಹೇಳಬಲ್ಲದು. ಹೆಸರು ಬರಲಿಲ್ಲ ಅಂದ ಮಾತ್ರಕ್ಕೆ ನಿರಾಳವಾಗಬೇಡಿ. ಪಟ್ಟಿಯಲ್ಲಿ ವಿಳಾಸಗಳು ಜಾಸ್ತಿ ಇದ್ದರೆ ಚಂದಾ ಕಟ್ಟಬೇಕು; ನನ್ನ ಮಟ್ಟಿಗೆ ಅದು ದಂಡವಲ್ಲ.

ಹೊಸ ಸೋರಿಕೆಯಲ್ಲಿ ನಮ್ಮ ವಿಳಾಸ ಕಂಡರೆ ತಾನಾಗಿ ಮೇಲ್ ಬರುತ್ತದೆ. ಬಿಟ್ಟು ಹೋದವರಿಗೆ ಫೋನ್ ಮಾಡಿ, ಅವರನ್ನು ಕೇಳಿಯೇ ಹಳೇ ಖಾತೆಗಳನ್ನು ಒಂದೊಂದಾಗಿ ಮುಚ್ಚಿಸುತ್ತಿದ್ದೇನೆ. ಇನ್ನೂ ಮೂರು ಬಾಕಿ ಇವೆ.