ಎಚ್ಚರಿಕೆ: ನಿಮ್ಮ ಯಂತ್ರದ ಸರ್ವಿಸ್ ದಾಖಲೆಯನ್ನು ಸರ್ವಿಸ್ ಮಾಡುವವರೇ ಬರೆಯುತ್ತಿದ್ದರೆ ಇಂದೇ ನಿಲ್ಲಿಸಿ

ಕಂಪ್ರೆಸರ್, ಜನರೇಟರ್, ಭಾರ ಎತ್ತುವ ಚೈನ್ ಹಾಯ್ಸ್ಟ್ ಇಂಥವುಗಳ ನಿರ್ವಹಣೆಯನ್ನು ವಾರ್ಷಿಕ ಒಪ್ಪಂದದ ಮೇಲೆ ಹೊರಗಿನವರಿಗೆ ವಹಿಸಿ, ಅವರು ಕೊಟ್ಟ ಸರ್ವಿಸ್ ರಿಪೋರ್ಟನ್ನು ಫೈಲಿಗೆ ಸೇರಿಸಿ ನಿಶ್ಚಿಂತೆಯಿಂದ ಇರುವ ಸಣ್ಣ ಕಾರ್ಖಾನೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಮೂರು ವರ್ಷ ನಾನೂ ಹಾಗೆಯೇ ನಿಶ್ಚಿಂತೆಯಿಂದ ಇದ್ದೆ. ನನ್ನ ಫೈಲಿನಲ್ಲಿ ಹತ್ತೊಂಬತ್ತು ರಿಪೋರ್ಟುಗಳಿದ್ದವು. ಹತ್ತೊಂಬತ್ತರ ಮೇಲೂ ನಮ್ಮ ಮೊಹರು ಇತ್ತು, ನಮ್ಮ ಸಹಿ ಇತ್ತು. ಅವುಗಳಲ್ಲಿ ಎಷ್ಟೋ ಹಾಳೆಗಳು ಶುದ್ಧ ಸುಳ್ಳು ಎಂಬುದು ಯಂತ್ರ ಹಾಳಾದ ಮೇಲೆ ನನಗೆ ತಿಳಿಯಿತು.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತೆರಡು ಜನ ದುಡಿಯುವ ಘಟಕ. ಹೈಡ್ರಾಲಿಕ್ ವಾಲ್ವ್‌ಗಳ ಬಾಡಿ ಮಶಿನಿಂಗ್ ಮಾಡಿಕೊಡುತ್ತೇವೆ. ಇಡೀ ಶಾಪಿಗೆ ಗಾಳಿ ಕೊಡುವುದು 2019ರಲ್ಲಿ ಕೊಂಡ 30 ಎಚ್‌ಪಿಯ ಒಂದೇ ಒಂದು ಸ್ಕ್ರೂ ಕಂಪ್ರೆಸರ್. ಗಾಳಿ ನಿಂತರೆ ವಿಎಂಸಿಯಲ್ಲಿ (ಕಂಪ್ಯೂಟರ್ ನಿಯಂತ್ರಿತ ಮಶಿನಿಂಗ್ ಯಂತ್ರದಲ್ಲಿ) ಟೂಲ್ ಬದಲಾಗುವುದಿಲ್ಲ, ಫಿಕ್ಸ್ಚರ್ ಹಿಡಿಯುವುದಿಲ್ಲ, ಕೆಲಸವೇ ನಿಲ್ಲುತ್ತದೆ. ಮೊದಲ ಎರಡು ವರ್ಷ ತಯಾರಕರ ಡೀಲರ್ ಕಡೆಯವರೇ ಸರ್ವಿಸ್ ಮಾಡುತ್ತಿದ್ದರು. ಅವರ ದರ ಹೆಚ್ಚಾಯಿತೆಂದು 2021ರ ಏಪ್ರಿಲ್‌ನಿಂದ ಬೇರೊಂದು ಖಾಸಗಿ ಸಂಸ್ಥೆಗೆ ಒಪ್ಪಂದ ಕೊಟ್ಟೆ. ವರ್ಷಕ್ಕೆ 96,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಗಾಳಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್ ಎಲ್ಲವೂ ಆ ಹಣದಲ್ಲೇ ಸೇರಿದ್ದವು. ಎರಡು ತಿಂಗಳಿಗೊಮ್ಮೆ ಬಂದು ನೋಡುವುದು, 2,000 ಗಂಟೆಗೆ ಫಿಲ್ಟರ್ ಬದಲಿಸುವುದು, 4,000 ಗಂಟೆಗೆ ಆಯಿಲ್ ಮತ್ತು ಸೆಪರೇಟರ್ ಬದಲಿಸುವುದು ಕರಾರು. ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಇಂಥವರು ಒಬ್ಬರೇ ಅಲ್ಲ ಎಂಬುದು ಈಗ ನನಗೆ ಗೊತ್ತಾಗಿದೆ.

2024ರ ಬೇಸಿಗೆಯಲ್ಲಿ ಕಂಪ್ರೆಸರ್ ಮತ್ತೆ ಮತ್ತೆ ಟ್ರಿಪ್ ಆಗತೊಡಗಿತು. ಉಷ್ಣಾಂಶ 110 ಡಿಗ್ರಿ ತಲುಪಿದೊಡನೆ ತಾನಾಗಿಯೇ ನಿಂತುಬಿಡುತ್ತಿತ್ತು. ಫೋನ್ ಮಾಡಿದಾಗ ಅವರ ಹುಡುಗ ಬಂದು, ಕೂಲರಿಗೆ ಗಾಳಿ ಹೊಡೆದು ಧೂಳು ಹಾರಿಸಿ, ಒಂದು ಡಬ್ಬಿ ಆಯಿಲ್ ಸುರಿದು, "ಬ್ಯಾಸಗಿ ಅಲ್ರಿ ಸರ, ಬಾಗಲಾ ತಗದು ಒಂದ್ ಫ್ಯಾನ್ ಇಡ್ರಿ" ಎಂದು ಹೇಳಿ ಹೋದ. ನಾವು ಫ್ಯಾನ್ ಇಟ್ಟೆವು. ಅವನು ಹೇಳಿದ್ದನ್ನು ನಂಬಿ ಎರಡು ತಿಂಗಳು ಯಂತ್ರದ ಮುಂದೆ ಫ್ಯಾನ್ ಇಟ್ಟುಕೊಂಡು ಕುಳಿತೆವು.

ಜೂನ್ 10, ಸೋಮವಾರ ಬೆಳಿಗ್ಗೆ ಮೊದಲ ಪಾಳಿ ಶುರುವಾಗಿ ಅರ್ಧ ಗಂಟೆಯೊಳಗೆ ಜಲ್ಲಿ ಅರೆದಂಥ ಸದ್ದು ಬಂದು ಕಂಪ್ರೆಸರ್ ಜಾಮ್ ಆಯಿತು. ಒಪ್ಪಂದದವರು ಎರಡು ದಿನ ಫೋನ್ ಎತ್ತಲಿಲ್ಲ. ಗಿರಾಕಿಗಳ ಒತ್ತಡ ತಡೆಯಲಾಗದೆ ನಾನು ಹಳೆಯ ಡೀಲರ್ ಕಡೆಯ ಮೆಕ್ಯಾನಿಕ್‌ನನ್ನೇ ಕರೆಸಿದೆ. ಆತ ಪ್ಯಾನೆಲ್ ತೆಗೆದು, ಆಯಿಲ್ ಫಿಲ್ಟರಿಗೆ ಬೆಲ್ಟ್ ಪಾನಾ ಹಾಕಿ ತಿರುಗಿಸಿದರೆ ಅದು ಅಲುಗಲೇ ಇಲ್ಲ. ಇಬ್ಬರು ಸೇರಿ ಬಿಚ್ಚಬೇಕಾಯಿತು. ಹೊರಗೆ ಬಂದ ಫಿಲ್ಟರಿನ ಮೇಲೆ ಜಿಡ್ಡು ಮತ್ತು ಧೂಳು ಸೇರಿ ಡಾಂಬರಿನಂತೆ ಗಟ್ಟಿಯಾಗಿತ್ತು. ಆತ ವೇಸ್ಟ್ ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಒರೆಸಿದ. ಒರೆಸಿದ ಜಾಗದಲ್ಲಿ ಮಾರ್ಕರ್ ಪೆನ್ನಿನ ಬರಹ ಕಾಣಿಸಿತು: 8640, ಅದರ ಕೆಳಗೆ 18-2-21. ಸ್ವಲ್ಪ ಹೊತ್ತು ಆತ ಮಾತಾಡಲಿಲ್ಲ. ಆಮೇಲೆ, "ಸರ, ಇದು ನನ್ನ ಅಕ್ಷರ ಐತ್ರಿ" ಎಂದ.

2021ರ ಫೆಬ್ರುವರಿಯಲ್ಲಿ, ಅಂದರೆ ಆ ಸಂಸ್ಥೆಗೆ ಒಪ್ಪಂದ ಕೊಡುವ ಮೊದಲು, ಅದೇ ಮೆಕ್ಯಾನಿಕ್ ಹಾಕಿದ ಫಿಲ್ಟರ್ ಅದು. ಫಿಲ್ಟರ್ ಬದಲಿಸಿದಾಗಲೆಲ್ಲ ಅದರ ಮೇಲೆ ಯಂತ್ರ ಒಟ್ಟು ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ಅವರ್ ಮೀಟರಿನ ಅಂಕಿಯನ್ನೂ ದಿನಾಂಕವನ್ನೂ ಬರೆಯುವುದು ಆತನ ರೂಢಿ. ಈಗ ಮೀಟರಿನಲ್ಲಿ ಇದ್ದದ್ದು 22,146. ಹದಿಮೂರು ಸಾವಿರ ಗಂಟೆಗೂ ಹೆಚ್ಚು ಕಾಲ ಅದೇ ಫಿಲ್ಟರ್. ನಾನು ಆಫೀಸಿಗೆ ಹೋಗಿ ಫೈಲ್ ತೆಗೆದು ನಿಂತಲ್ಲೇ ಹಾಳೆಗಳನ್ನು ತಿರುವಿದೆ. "ಆಯಿಲ್ ಫಿಲ್ಟರ್ ಬದಲಿಸಲಾಗಿದೆ" ಎಂದು ಆರು ಕಡೆ ಬರೆದಿತ್ತು. ಆರು ಸಲ ಬದಲಾದ ಫಿಲ್ಟರ್ ಹೊರಗೆ ಬಟ್ಟೆಯ ಮೇಲೆ ಬಿದ್ದಿತ್ತು. ನನ್ನ ಕೆಲಸಗಾರರು ನನ್ನ ಮುಖ ನೋಡುತ್ತ ನಿಂತಿದ್ದರು. ಆ ಹೊತ್ತಿನ ಅವಮಾನವನ್ನು ನಾನು ಇಂದಿಗೂ ಮರೆತಿಲ್ಲ.

ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಬೈಪಾಸ್ ತೆರೆದುಕೊಂಡು ಸೋಸದ ಆಯಿಲ್ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಸ್ಕ್ರೂ ಕಂಪ್ರೆಸರ್‌ನಲ್ಲಿ ಆಯಿಲ್ ಕೇವಲ ನುಣುಪಿಗಾಗಿ ಇರುವುದಲ್ಲ. ಶಾಖವನ್ನು ಹೊತ್ತು ಹೊರಗೆ ತರುವುದೂ ಅದೇ, ರೋಟರ್‌ಗಳ ನಡುವಿನ ಸಂದನ್ನು ಮುಚ್ಚುವುದೂ ಅದೇ. ಅದು ಸತ್ತಿದ್ದರಿಂದಲೇ ಬೇಸಿಗೆಯಲ್ಲಿ ಟ್ರಿಪ್ ಆಗುತ್ತಿದ್ದುದು. ಯಂತ್ರ ಎರಡು ತಿಂಗಳ ಕಾಲ ನಮಗೆ ಹೇಳುತ್ತಲೇ ಇತ್ತು, ನಾವು ಫ್ಯಾನ್ ಇಟ್ಟಿದ್ದೆವು. ರೋಟರ್, ಬೇರಿಂಗ್ ಇರುವ ಮುಖ್ಯ ಭಾಗವಾದ ಏರ್ ಎಂಡ್ ಹೊಸದಾಗಿ ಹಾಕಿಸಲು 3,85,000 ರೂಪಾಯಿ, ತೆರಿಗೆ ಬೇರೆ. ಅದು ಬರುವವರೆಗೆ ಒಂಬತ್ತು ದಿನ ಬಾಡಿಗೆಯ ಕಂಪ್ರೆಸರ್.

ಆ ರಾತ್ರಿ ಹತ್ತೊಂಬತ್ತೂ ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಮೂರು ವರ್ಷ ಫೈಲಿಗೆ ಸೇರಿಸಿದ್ದೆನೇ ಹೊರತು ಒಂದನ್ನೂ ಓದಿರಲಿಲ್ಲ. 2023ರ ಅಕ್ಟೋಬರ್ 23ರ ರಿಪೋರ್ಟಿನಲ್ಲಿ, "ಯಂತ್ರವನ್ನು 30 ನಿಮಿಷ ಲೋಡ್‌ನಲ್ಲಿ ನಡೆಸಿ ನೋಡಲಾಗಿದೆ, ಉಷ್ಣಾಂಶ 88 ಡಿಗ್ರಿ, ಸರಿಯಾಗಿದೆ" ಎಂದು ಬರೆದಿತ್ತು. ಆ ದಿನ ಖಂಡೇಪೂಜೆ. ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂ ಏರಿಸಿ, ಕುಂಬಳಕಾಯಿ ಒಡೆದು, ಸಿಹಿ ಹಂಚಿ ಹತ್ತೂವರೆಗೆ ಶಾಪ್ ಮುಚ್ಚಿದ್ದೆವು. ಪೂಜೆಗಿಟ್ಟ ಯಂತ್ರದ ಬಟನ್ ಒತ್ತುವವರು ನಮ್ಮಲ್ಲಿ ಯಾರೂ ಇಲ್ಲ. ಆ ಹಾಳೆಯಲ್ಲಿ ಅವರ್ ಮೀಟರ್ 19,610 ಎಂದಿದ್ದರೆ, ಅದರ ಮುಂದಿನ ಹಾಳೆಯಲ್ಲಿ, 2024ರ ಜನವರಿ 12ರಂದು, 19,480 ಎಂದಿತ್ತು. ಎರಡೂವರೆ ತಿಂಗಳು ಎರಡು ಪಾಳಿ ಓಡಿದ ಯಂತ್ರದ ಮೀಟರ್ ಹಿಂದಕ್ಕೆ ಹೋಗಿತ್ತು. ಸುಳ್ಳು ಬರೆಯುವಾಗ ಹಿಂದಿನ ಹಾಳೆಯನ್ನು ನೋಡುವಷ್ಟು ಭಯವೂ ಅವರಿಗೆ ಇರಲಿಲ್ಲ, ಏಕೆಂದರೆ ನಾವು ಓದುವುದಿಲ್ಲ ಎಂಬುದು ಅವರಿಗೆ ಖಚಿತವಾಗಿತ್ತು. ಮರುದಿನ ಗೇಟಿನ ರಜಿಸ್ಟರ್ ತರಿಸಿ ತಾಳೆ ನೋಡಿದೆ. ಹತ್ತೊಂಬತ್ತು ರಿಪೋರ್ಟುಗಳಿಗೆ ಆ ಸಂಸ್ಥೆಯವರು ನಮ್ಮ ಗೇಟು ದಾಟಿದ್ದು ಹನ್ನೊಂದೇ ಸಲ.

ಹಾಗಾದರೆ ಸಹಿ ಹೇಗೆ ಬಂತು ಎಂದು ನೀವು ಕೇಳುತ್ತೀರಿ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಆ ಸಂಸ್ಥೆಯ ಹುಡುಗ ಬಂದಾಗ ರಿಪೋರ್ಟ್ ಬುಕ್ ತೆರೆದು ಖಾಲಿ ಹಾಳೆ ಮುಂದಿಡುತ್ತಿದ್ದ. "ಮೂರ್ ಕಾಪಿ ಅದಾವ್ರಿ, ಪೆನ್ ಒತ್ತಿ ಸಹಿ ಹಾಕ್ರಿ, ನಾ ಆಫೀಸಿಗೆ ಹೋಗಿ ತುಂಬಿ ಕಳಸ್ತೀನ್ರಿ" ಎನ್ನುತ್ತಿದ್ದ. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ನಮ್ಮ ಫೋರ್ಮನ್ ಒಂದು ಹಾಳೆಯ ಬದಲು ಎರಡು ಮೂರು ಹಾಳೆಗಳಿಗೆ ಸಹಿ ಹಾಕಿ ಕೊಟ್ಟಿದ್ದಾರೆ. ಫೋರ್ಮನ್ ಒಬ್ಬರನ್ನೇ ದೂರಿದರೆ ಅನ್ಯಾಯವಾಗುತ್ತದೆ. ಐದು ಹಾಳೆಗಳ ಮೇಲಿರುವುದು ನನ್ನದೇ ಸಹಿ.

ಈ ಸಹಿಯನ್ನೇ ಅವರು ನನ್ನ ಎದುರು ಹಿಡಿದರು. ಮೂರನೆಯ ದಿನ ಫೋನಿಗೆ ಸಿಕ್ಕ ಸಂಸ್ಥೆಯ ಮಾಲೀಕರಿಗೆ ಫಿಲ್ಟರಿನ ವಿಷಯ ಹೇಳಿದಾಗ, ಒಂದು ಕ್ಷಣವೂ ತಡವರಿಸದೆ ಅವರು ಕೊಟ್ಟ ಉತ್ತರ ಇದು: "ರಿಪೋರ್ಟ್ ಐತಲ್ರಿ ಸರ, ನಿಮ್ಮ ಸಹೀನೂ ಐತಿ. ಬದ್ಲಿ ಮಾಡಿಲ್ಲಂದ್ರ ನೀವ್ಯಾಕ ಸಹಿ ಹಾಕಿದ್ರಿ?" ಖಂಡೇಪೂಜೆಯ ದಿನದ ರಿಪೋರ್ಟಿನ ಬಗ್ಗೆ ಕೇಳಿದ್ದಕ್ಕೆ, "ಆ ಹುಡುಗ ಕೆಲಸಾ ಬಿಟ್ಟು ಹೋಗ್ಯಾನ್ರಿ, ತಾರೀಖು ತಪ್ಪಿ ಬರದಿರಬೇಕು" ಎಂದರು. ಫಿಲ್ಟರಿನ ಫೋಟೊ ಕಳಿಸಿದೆ. ಅದಕ್ಕೆ ಮರುದಿನ ವಾಟ್ಸ್ಆ್ಯಪ್‌ನಲ್ಲಿ ಬಂದ ಉತ್ತರವನ್ನು ಓದಿ ನನ್ನ ಕೈ ನಡುಗಿತು: "ನಮ್ಮ ದಾಖಲೆಗಳ ಪ್ರಕಾರ ಎಲ್ಲ ಸರ್ವಿಸ್ ಸರಿಯಾದ ಸಮಯಕ್ಕೆ ಆಗಿದೆ. ನಿಮ್ಮ ಸಿಬ್ಬಂದಿ ಹಳೆಯ ಫಿಲ್ಟರನ್ನು ಪುನಃ ಹಾಕಿರಬಹುದು." ನಮ್ಮ ಸಿಬ್ಬಂದಿ ಹೊಸ ಫಿಲ್ಟರ್ ತೆಗೆದು ಹಳೆಯದನ್ನು ಹಾಕುತ್ತಾರಂತೆ. ನಮ್ಮ ದಾಖಲೆ ನಮ್ಮ ಹತ್ತಿರ ಇರಲಿಲ್ಲ, ಹಾಗಾಗಿ ಅವರ ದಾಖಲೆಯೇ ದಾಖಲೆಯಾಯಿತು. ನನ್ನ ಬಳಿ ಎರಡು ರೂಪಾಯಿಯ ಒಂದು ಕಾರ್ಡಿನಲ್ಲಿ ಪ್ರತಿದಿನದ ಮೀಟರ್ ಅಂಕಿ ಬರೆದಿದ್ದರೂ ಅವರ ಬಾಯಿ ಮುಚ್ಚಿಸಬಹುದಿತ್ತು. ಅದೂ ಇರಲಿಲ್ಲ.

ವಿಮೆಯಿಂದಾದರೂ ಸ್ವಲ್ಪ ಹಣ ಬಂದೀತೆಂದುಕೊಂಡೆ. ಸರ್ವೇಯರ್ ಬಂದವರು ಮೊದಲು ಕೇಳಿದ್ದೇ ನಿರ್ವಹಣೆಯ ದಾಖಲೆ. ಕೊಟ್ಟರೆ ಸುಳ್ಳು ದಾಖಲೆ ಕೊಟ್ಟಂತೆ, ಕೊಡದಿದ್ದರೆ ನಿರ್ವಹಣೆಯೇ ಆಗಿಲ್ಲವೆಂದಂತೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಸವೆತದಿಂದ ಆದ ಹಾನಿ ಪಾಲಿಸಿಯಲ್ಲಿ ಬರುವುದಿಲ್ಲವೆಂದು ಕ್ಲೇಮ್ ತಿರಸ್ಕರಿಸಿದರು. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ, ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಸಿವಿಲ್ ದಾವೆಯೇ ಹೂಡಬೇಕು ಎಂದು ವಕೀಲರು ಹೇಳಿದರು. ಮತ್ತೆ ಅದೇ ಮಾತು: "ಸಹಿ ನಿಮ್ಮದೇ ಇದೆಯಲ್ಲ."

ಹಣ ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದು. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಕಂಪ್ರೆಸರ್ ಪಕ್ಕದಲ್ಲಿ 1,000 ಲೀಟರಿನ ಏರ್ ರಿಸೀವರ್ ಟ್ಯಾಂಕ್ ಇದೆ, ಏಳು ಬಾರ್ ಒತ್ತಡದಲ್ಲಿ. ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಲೋಹದ ಅಂಚಿನ ಚೂಪು ತೆಗೆಯುವ ಡಿಬರಿಂಗ್ ಬೆಂಚಿನ ಮೇಲೆ ಮೂವರು ಹೆಣ್ಣುಮಕ್ಕಳು ದಿನವಿಡೀ ಕೆಲಸ ಮಾಡುತ್ತಾರೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 31ನೆಯ ಕಲಮಿನ ಪ್ರಕಾರ ಒತ್ತಡದ ಪಾತ್ರೆಗಳು ಸುರಕ್ಷಿತ ಮಿತಿ ಮೀರದಂತೆ ನೋಡಿಕೊಳ್ಳುವ ಹೊಣೆ ನಮ್ಮದಾಗಿತ್ತು. ಆ ಟ್ಯಾಂಕನ್ನೂ ಚೈನ್ ಹಾಯ್ಸ್ಟನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕಾದವರು ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯಿಂದ ಮಾನ್ಯತೆ ಪಡೆದ ಕಾಂಪಿಟೆಂಟ್ ಪರ್ಸನ್. ಈ ಸಂಸ್ಥೆಯವರು, "ಅದನ್ನೂ ನಾವೇ ಮಾಡಿಸಿ ಕೊಡ್ತೀವ್ರಿ" ಎಂದು ಎರಡು ವರ್ಷ ಪ್ರಮಾಣಪತ್ರ ತಂದುಕೊಟ್ಟಿದ್ದರು. ಟ್ಯಾಂಕಿನ ಒಳಭಾಗವನ್ನು ಪರೀಕ್ಷಿಸಲಾಗಿದೆ ಎಂದು ಅದರಲ್ಲಿ ಬರೆದಿದೆ. ಒಳಗೆ ನೋಡಬೇಕಾದರೆ ಗಾಳಿ ಬಿಟ್ಟು, ಮುಚ್ಚಳ ಬಿಚ್ಚಬೇಕು, ಅಂದರೆ ಶಾಪ್ ನಿಲ್ಲಿಸಬೇಕು. ಎರಡು ವರ್ಷದಲ್ಲಿ ಅದಕ್ಕಾಗಿ ನಾವು ಒಂದು ಗಂಟೆಯೂ ಶಾಪ್ ನಿಲ್ಲಿಸಿರಲಿಲ್ಲ. ಇದು ನನಗೆ ಆಗ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಈಗ ನಿಜವಾಗಿ ಟ್ಯಾಂಕ್ ತೆರೆಸಿ, ನೀರು ತುಂಬಿ ಪರೀಕ್ಷೆ ಮಾಡಿಸಿದೆವು. ಟ್ಯಾಂಕ್ ಗಟ್ಟಿ ಇತ್ತು, ಆದರೆ ಸೇಫ್ಟಿ ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒತ್ತಡ ಏರಿದ್ದರೆ ಅದು ತೆರೆಯುತ್ತಲೇ ಇರಲಿಲ್ಲ. ಏನಾದರೂ ಆಗಿದ್ದರೆ ಆ ಕಾಯ್ದೆಯ 92ನೆಯ ಕಲಮಿನ ಪ್ರಕಾರ ಎರಡು ವರ್ಷದವರೆಗಿನ ಜೈಲು ನನಗೆ, ಅವರಿಗಲ್ಲ. ಜೈಲಿನ ಮಾತು ಬಿಡಿ, ಆ ಮೂವರ ಮನೆಯವರಿಗೆ ನಾನು ಏನೆಂದು ಹೇಳಬೇಕಿತ್ತು?

ಈಗ ಕಂಪ್ರೆಸರಿನ ಬಾಗಿಲಿಗೆ ತಂತಿಯಿಂದ ಒಂದು ಪುಸ್ತಕ ಕಟ್ಟಿದ್ದೇವೆ. ಪ್ರತಿ ಪಾಳಿಯ ಶುರುವಿಗೆ ಅವರ್ ಮೀಟರ್, ಉಷ್ಣಾಂಶ, ಒತ್ತಡ, ಆಯಿಲ್ ಮಟ್ಟ ಈ ನಾಲ್ಕನ್ನು ಆಪರೇಟರ್ ತನ್ನ ಕೈಯಾರೆ ಬರೆಯುತ್ತಾನೆ. ಎರಡು ನಿಮಿಷದ ಕೆಲಸ. ಸರ್ವಿಸ್‌ನವರು ಬಂದರೆ ನಮ್ಮ ಪುಸ್ತಕದಲ್ಲಿ ನಾವು ಬರೆದು, ಅವರಿಂದ ಸಹಿ ಹಾಕಿಸಿಕೊಳ್ಳುತ್ತೇವೆ. ತೆಗೆದ ಹಳೆಯ ಬಿಡಿಭಾಗವನ್ನು ಅವರಿಗೆ ಒಯ್ಯಲು ಬಿಡುವುದಿಲ್ಲ. ದಿನಾಂಕ ಬರೆದು ಮುಂದಿನ ಸರ್ವಿಸ್‌ವರೆಗೆ ಕಪಾಟಿನಲ್ಲಿ ಇಡುತ್ತೇವೆ. ಹೊಸದರ ಮೇಲೆ ಮಾರ್ಕರಿನಿಂದ ಗಂಟೆ ಮತ್ತು ದಿನಾಂಕ ಬರೆಯದೆ ಪ್ಯಾನೆಲ್ ಮುಚ್ಚಲು ಬಿಡುವುದಿಲ್ಲ. ಖಾಲಿ ಹಾಳೆಗೆ ಸಹಿ ಕೇಳಿದವರನ್ನು ಅಲ್ಲಿಂದಲೇ ವಾಪಸ್ ಕಳಿಸಿ, ಅವರು ಎಷ್ಟೇ ಪರಿಚಿತರಿರಲಿ. ನಿಮ್ಮ ಒಪ್ಪಂದದವರು ಒಳ್ಳೆಯವರೇ ಇರಬಹುದು. ನಮ್ಮವರೂ ದೀಪಾವಳಿಗೆ ಮಿಠಾಯಿ ಡಬ್ಬಿ ತಂದುಕೊಡುತ್ತಿದ್ದರು.

ಆ ಸಂಸ್ಥೆ ನಮ್ಮ ರಸ್ತೆಯಲ್ಲೇ ಇನ್ನೂ ಮೂರು ಘಟಕಗಳಿಗೆ ಸರ್ವಿಸ್ ಕೊಡುತ್ತದೆ. ಮೂವರ ಹತ್ತಿರವೂ ಹೋಗಿ ನಡೆದದ್ದನ್ನು ಹೇಳಿದೆ. ಇಬ್ಬರು, ನಮ್ಮಲ್ಲಿ ಹಾಗೇನೂ ಇಲ್ಲ, ರಿಪೋರ್ಟ್ ಎಲ್ಲ ಸರಿ ಇದೆ ಎಂದರು. ಮೂರನೆಯವರು ಏನೂ ಹೇಳದೆ ಸುಮ್ಮನೆ ಕೇಳಿಸಿಕೊಂಡರು. ಅದೇ ದಿನ ರಾತ್ರಿ ಒಂಬತ್ತೂವರೆಗೆ ಅವರ ಫೋನ್ ಬಂತು. ಎರಡನೆಯ ಪಾಳಿ ನಿಲ್ಲಿಸಿ ಕಂಪ್ರೆಸರ್ ಬಿಚ್ಚಿಸಿದ್ದರು. ಮೂರು ಸಲ ಬದಲಿಸಿದ್ದೇವೆ ಎಂದು ರಿಪೋರ್ಟಿನಲ್ಲಿ ಬರೆದಿದ್ದ ಸೆಪರೇಟರ್ ಇನ್ನೂ ಕಂಪನಿಯಿಂದ ಬಂದದ್ದೇ ಇತ್ತು, ಅದರ ಬೋಲ್ಟುಗಳ ಮೇಲಿನ ಬಣ್ಣ ಸಹ ಒಡೆದಿರಲಿಲ್ಲ.