ಮಾಡೆಲರ್‌ಗೆ ಯಾವ ಪೆಟ್ಟಿಗೆ? ಬಿಗಿ ಮಂದ್ರದ ಬೆನ್ನು ಹತ್ತಿದ ಕಥೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಜಗಳ ಆಮೇಲೆ ಆಡೋಣ. ಗಿಟಾರ್ ಮಾಡೆಲರ್‌ನಿಂದ, ಅಂದರೆ ಆ್ಯಂಪ್, ಸ್ಪೀಕರ್‌ಗಳ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಸಾಧನದಿಂದ, ಬಿಗಿಯಾದ ಮಂದ್ರ ಬೇಕಿದ್ದರೆ ಬೆನ್ನು ಮುಚ್ಚಿದ, 12 ಇಂಚಿನ ಒಂದೇ ಸ್ಪೀಕರ್ ಇರುವ ಗಿಟಾರ್ ಕ್ಯಾಬಿನೆಟ್ ಸಾಕು. ಅದನ್ನು ನಡೆಸಲು ಪುಟ್ಟದೊಂದು ಕ್ಲಾಸ್ ಡಿ (ವೇಗದ ಸ್ವಿಚಿಂಗ್‌ನಿಂದ ನಡೆಯುವ ಹಗುರ ಬಗೆಯ) ಪವರ್ ಆ್ಯಂಪ್. ಇಷ್ಟು ತಿಳಿಯುವ ಮೊದಲು ನಾನು ಬೇರೆಯದೇ ಒಂದನ್ನು ಕೊಂಡೆ, ಆರು ತಿಂಗಳು ಅದರೊಡನೆ ಗುದ್ದಾಡಿದೆ, ಕೊನೆಗೆ ನಷ್ಟಕ್ಕೆ ಮಾರಿದೆ. ಈ ಹೋಲಿಕೆಯಲ್ಲಿ ಆ ಸಿಟ್ಟಿನ ವಾಸನೆ ಇದ್ದೇ ಇರುತ್ತದೆ.

ನಾನು ನುಡಿಸುವುದು ಡ್ರಾಪ್ ಸಿ ಶ್ರುತಿಯಲ್ಲಿ. ಸಾಮಾನ್ಯ ಶ್ರುತಿಯಲ್ಲಿ ದಪ್ಪ ತಂತಿ 82.4 ಹರ್ಟ್ಸ್‌ನಲ್ಲಿ ಮಿಡಿದರೆ ನನ್ನದು 65.4ಕ್ಕೆ ಇಳಿಯುತ್ತದೆ. ಅಂಗೈಯ ಅಂಚನ್ನು ಬ್ರಿಜ್ ಮೇಲೆ ಒತ್ತಿ ನುಡಿಸುವ ಪಾಮ್ ಮ್ಯೂಟ್‌ಗಳೇ ನನ್ನ ನುಡಿಸಾಣಿಕೆಯ ಮುಕ್ಕಾಲು ಪಾಲು. ಪಿಕ್ ತಾಗಿದಾಗ ‘ಧಕ್’ ಎನ್ನಬೇಕು, ಕೈ ನಿಂತ ಕ್ಷಣ ಸದ್ದೂ ನಿಲ್ಲಬೇಕು. ‘ಧೂಂ’ ಎಂದು ಬಾಲ ಬಿಟ್ಟರೆ ಮುಂದಿನ ಪೆಟ್ಟು ಆ ಬಾಲದಲ್ಲೇ ಮುಳುಗಿಹೋಗುತ್ತದೆ. ಹೀಗಾಗಿ ಬಿಗಿತನವನ್ನು ನಾನು ಅಳೆಯುವುದು ಸ್ವರ ಎಷ್ಟು ಬೇಗ ಸಾಯುತ್ತದೆ ಎಂಬುದರಿಂದ. ಬ್ಲೂಸ್ ನುಡಿಸುವವರು ಈ ಬರಹವನ್ನು ತಿರುಗಿಸಿ ಓದಿಕೊಳ್ಳಬಹುದು, ನಾನು ಬೈದದ್ದೇ ಅವರಿಗೆ ಹೊಂದಬಹುದು.

ಪರೀಕ್ಷೆ ಸರಳವಾಗಿತ್ತು. ಮಾಡೆಲರ್‌ನಲ್ಲಿ, ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಲೂಪರ್ ಬ್ಲಾಕನ್ನು ಸರಣಿಯ ಮೊದಲಿಗೇ ಇಟ್ಟೆ. ಎಂಟು ಸೆಕೆಂಡುಗಳ ಒಂದು ರಿಫ್ (ಮರಳಿ ಮರಳಿ ಬರುವ ಸ್ವರಗುಚ್ಛ) ಅನ್ನು ಆ್ಯಂಪ್ ತಾಗದ ಹಸಿ ಸದ್ದಿನಲ್ಲೇ ತುಂಬಿಸಿದೆ. ಹಾಗೆ ಮಾಡಿದರೆ ಪ್ರತಿ ಸ್ಪೀಕರ್‌ಗೂ ಅದೇ ಕೈ, ಅದೇ ಪೆಟ್ಟು. ಜೊತೆಗೆ ಮೊಬೈಲ್‌ನ ಡೆಸಿಬೆಲ್ ಮೀಟರ್ ಹಿಡಿದು ಎಲ್ಲವನ್ನೂ ಒಂದೇ ಗಟ್ಟಿತನಕ್ಕೆ ತಂದೆ. ಇದನ್ನು ಬಿಟ್ಟರೆ ಹೆಚ್ಚು ಗಟ್ಟಿಯಾಗಿ ಕೂಗಿದ್ದೇ ಗೆಲ್ಲುತ್ತದೆ.

ಈಗ ನಾನು ಕೊಂಡಿದ್ದ ಪೆಟ್ಟಿಗೆಯ ಸರದಿ. ಎಫ್‌ಆರ್‌ಎಫ್‌ಆರ್ ಎಂದು ಕರೆಯುತ್ತಾರೆ. ಇಡೀ ಶ್ರವಣ ವ್ಯಾಪ್ತಿಯನ್ನು ಏರಿಳಿತವಿಲ್ಲದೆ ಸಮತಟ್ಟಾಗಿ ನುಡಿಸುವ ಸ್ಪೀಕರ್ ಎಂಬುದು ಆ ಹೆಸರಿನ ಭರವಸೆ. ಪ್ಲಾಸ್ಟಿಕ್ ಮೈ, 12 ಇಂಚಿನ ವೂಫರ್, ಮೇಲೊಂದು ಹಾರ್ನ್, ಒಳಗೇ ಆ್ಯಂಪ್. ಹಗುರ, ಅಗ್ಗ, ಒಂದೇ ಕೇಬಲ್. ಮಾಡೆಲರ್‌ನಲ್ಲಿರುವ ಕ್ಯಾಬಿನೆಟ್ ನಕಲನ್ನು, ಅಂದರೆ ಐಆರ್ ಅನ್ನು, ಇದ್ದಂತೆಯೇ ಕೇಳಿಸುತ್ತದೆ ಎಂಬ ಆಸೆಯಿಂದ ತಂದೆ. ಮೊದಲ ದಿನ ತುಂಬಾ ಖುಷಿಯಾಯಿತು. ಎರಡನೇ ದಿನ ರಿಫ್‌ನಲ್ಲಿ ಒಂದೇ ಒಂದು ಸ್ವರ ಊದಿಕೊಂಡಿದೆ ಎನಿಸಿತು. ಐದನೇ ತಂತಿಯ ಮೂರನೇ ಫ್ರೆಟ್. ಅದರ ಅಕ್ಕಪಕ್ಕದ ಸ್ವರಗಳೆಲ್ಲ ‘ಧಕ್’, ಇದೊಂದು ಮಾತ್ರ ‘ಧೂಂ’.

ನನ್ನ ಶ್ರುತಿಯಲ್ಲಿ ಆ ಫ್ರೆಟ್ ಎ ಶಾರ್ಪ್, 116.5 ಹರ್ಟ್ಸ್. ಈಕ್ಯೂನಲ್ಲಿ, ಅಂದರೆ ಬೇಕಾದ ಆವರ್ತನವನ್ನಷ್ಟೇ ಏರಿಸಿ ಇಳಿಸುವ ಕಡೆ, ಅಲ್ಲೊಂದು ಕಿರಿದಾದ ಗುಂಡಿ ತೋಡಿದೆ, ಸರಿಹೋಯಿತು. ಅದನ್ನೇ ಅಭ್ಯಾಸದ ಕೋಣೆಗೆ ಒಯ್ದರೆ ಅದೇ ಸ್ವರ ಸತ್ತ ಹಾವಿನಂತೆ ಬಿದ್ದಿತ್ತು. ಗುಂಡಿ ಮುಚ್ಚಿದೆ, ಅಲ್ಲಿ ಸರಿಯಾಯಿತು. ಮನೆಗೆ ಬಂದರೆ ಮತ್ತೆ ‘ಧೂಂ’. ಹೀಗೆ ಮೂರು ವಾರ ತೋಡುವುದು, ಮುಚ್ಚುವುದೇ ಕೆಲಸವಾಯಿತು.

ಆಮೇಲೆ ಟೇಪ್ ಹಿಡಿದು ಮನೆಯ ಕೋಣೆ ಅಳೆದೆ. ಎದುರುಬದುರು ಗೋಡೆಗಳ ನಡುವೆ ಸರಿಸುಮಾರು 3 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಅಂತರದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 57 ಹರ್ಟ್ಸ್. ಆ ಅಂತರದಲ್ಲಿ ಮೊದಲು ನಿಲ್ಲುವ ಅಲೆ ಅದು. ಎರಡನೆಯದು 114. ನನ್ನ ಎ ಶಾರ್ಪ್ ಅದರ ಮಗ್ಗುಲಲ್ಲೇ ಕುಳಿತಿತ್ತು! ಸ್ಪೀಕರ್ ಬೇರೆ ನೆಲದ ಮೇಲಿತ್ತು, ಬೆನ್ನು ಗೋಡೆಗೆ ಅಂಟಿತ್ತು. ಮಂದ್ರದ ಅಲೆಗಳು ಉದ್ದವಾದ್ದರಿಂದ ಹತ್ತಿರದ ಪ್ರತಿ ಮೇಲ್ಮೈಯೂ ಅವಕ್ಕೆ 6 ಡೆಸಿಬೆಲ್‌ವರೆಗೆ ಬಲ ಕೊಡಬಲ್ಲದು. ನೆಲವೂ ಗೋಡೆಯೂ ಸೇರಿ ಅಲ್ಲಿ ನನಗೆ ಗೊತ್ತಿಲ್ಲದ ಇನ್ನೊಂದು ಆ್ಯಂಪ್ ನಡೆಸುತ್ತಿದ್ದವು.

ಸ್ಪೀಕರನ್ನು ಎತ್ತರದ ಸ್ಟೂಲ್ ಮೇಲೇರಿಸಿ ಗೋಡೆಯಿಂದ ಸರಿಸಿದೆ. ಊತ ಅರ್ಧ ಇಳಿಯಿತು, ಅರ್ಧ ಉಳಿಯಿತು. ಉಳಿದದ್ದು ಕೋಣೆಯದೋ ಪೆಟ್ಟಿಗೆಯದೋ ಎಂದು ತಿಳಿಯಲು ಅದನ್ನು ತಾರಸಿಗೆ ಹೊತ್ತೊಯ್ದೆ. ಗೋಡೆಗಳಿಲ್ಲದ ಬಯಲಲ್ಲಿ ಎ ಶಾರ್ಪ್ ಉಳಿದ ಸ್ವರಗಳ ಸಾಲಿಗೆ ಬಂತು. ಕೋಣೆಯ ಪಾಪ ಅಲ್ಲಿಗೆ ತೀರ್ಮಾನವಾಯಿತು. ಆದರೆ ಆ ಬಯಲಿನಲ್ಲೂ ಒಟ್ಟು ಮಂದ್ರ ಹೊಟ್ಟೆ ಉಬ್ಬರಿಸಿದಂತೆಯೇ ಇತ್ತು. ವಿಚಿತ್ರವೆಂದರೆ, ಧ್ವನಿ ಏರಿಸುತ್ತಾ ಹೋದರೆ ಆ ಹೊಟ್ಟೆ ಕರಗುತ್ತಿತ್ತು.

ಇಲ್ಲಿ ಕಳ್ಳ ಸಿಕ್ಕಿಬಿದ್ದ. ಮೊಬೈಲ್‌ನಿಂದ ಒಂದು 60 ಹರ್ಟ್ಸ್‌ನ ಸದ್ದು, ಒಂದು 1000 ಹರ್ಟ್ಸ್‌ನ ಸದ್ದು ಹಾಕಿ, ಎರಡರ ನಡುವಿನ ಅಂತರವನ್ನು ಸಣ್ಣ ಧ್ವನಿಯಲ್ಲಿ ಗುರುತು ಹಾಕಿಕೊಂಡೆ. ಧ್ವನಿ ಏರಿಸಿ ಮತ್ತೆ ಅಳೆದೆ. ಪ್ರಾಮಾಣಿಕ ಸ್ಪೀಕರ್ ಆಗಿದ್ದರೆ ಅಂತರ ಬದಲಾಗಬಾರದು. ಐದಾರು ಡೆಸಿಬೆಲ್ ಬದಲಾಯಿತು. ಒಳಗಿನ ಡಿಎಸ್‌ಪಿ, ಅಂದರೆ ಸದ್ದನ್ನು ತಿದ್ದುವ ಡಿಜಿಟಲ್ ಚಿಪ್, ಸಣ್ಣ ಧ್ವನಿಯಲ್ಲಿ ಮಂದ್ರವನ್ನು ತಾನೇ ಏರಿಸುತ್ತದೆ, ದೊಡ್ಡ ಧ್ವನಿಯಲ್ಲಿ ವೂಫರ್ ಉಳಿಸಿಕೊಳ್ಳಲು ತಾನೇ ಇಳಿಸುತ್ತದೆ. ರೆಕಾರ್ಡ್ ಮಾಡಿದ ಹಾಡು ಹಾಕುವವರಿಗೆ ಇದು ಉಪಕಾರ. ಸಣ್ಣ ಧ್ವನಿಯಲ್ಲಿ ನಮ್ಮ ಕಿವಿಗೆ ಮಂದ್ರ ಕಡಿಮೆ ಕೇಳಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖೆ ಎಳೆದು ತೋರಿಸಿದ್ದಾರೆ. ಆದರೆ ನನಗೆ ಬೇಕಿದ್ದದ್ದು ಮನೆಯಲ್ಲಿ ಹೊಂದಿಸಿದ ಪ್ಯಾಚ್ (ಮಾಡೆಲರ್‌ನಲ್ಲಿ ಉಳಿಸಿಟ್ಟ ಸದ್ದಿನ ಹೊಂದಾಣಿಕೆ) ವೇದಿಕೆಯಲ್ಲೂ ಅದೇ ಆಗಿರುವುದು. ಇಲ್ಲಿ ಕಿವಿಯೂ ಬದಲಾಗುತ್ತದೆ, ಪೆಟ್ಟಿಗೆಯೂ ಬದಲಾಗುತ್ತದೆ, ನಾನು ಮಾತ್ರ ಈಕ್ಯೂ ತಿರುಗಿಸುತ್ತಾ ಕೂರಬೇಕು. ‘ಸಮತಟ್ಟು’ ಎಂದು ಹೆಸರಿನಲ್ಲೇ ಬರೆದುಕೊಂಡ ವಸ್ತುವಿನಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಎಲ್ಲ ಎಫ್‌ಆರ್‌ಎಫ್‌ಆರ್‌ಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ, ನನ್ನದು ಹೀಗಿತ್ತು.

ಇನ್ನೊಂದು ಸಂಗತಿ ನನ್ನ ಕಣ್ಣು ತೆರೆಸಿತು. ಪವರ್ ಕಾರ್ಡ್ ಎಂದರೆ ಷಡ್ಜ, ಪಂಚಮ. ಸಿ 65.4, ಜಿ 98. ಡಿಸ್ಟಾರ್ಷನ್ ಒಳಗೆ ಎರಡು ಸ್ವರಗಳು ಒಟ್ಟಿಗೆ ಹೋದರೆ ಅವುಗಳ ವ್ಯತ್ಯಾಸವೂ ಒಂದು ಸ್ವರವಾಗಿ ಹೊರಬರುತ್ತದೆ. ಲೆಕ್ಕ ಹಾಕಿ: ಸುಮಾರು 32.7 ಹರ್ಟ್ಸ್, ಸಿಗಿಂತ ಒಂದು ಇಡೀ ಸ್ಥಾಯಿ ಕೆಳಗೆ. ನಾನು ನುಡಿಸದೇ ಇದ್ದ ಸ್ವರ ಅದು. ಗಿಟಾರ್ ಸ್ಪೀಕರ್ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಸೆಲೆಷನ್ ವಿಂಟೇಜ್ 30 ಅನ್ನೇ ನೋಡಿ, ಅದರ ಅನುರಣನ 75 ಹರ್ಟ್ಸ್, ಕೆಲಸದ ವ್ಯಾಪ್ತಿ 70ರಿಂದ 5000. ಎಫ್‌ಆರ್‌ಎಫ್‌ಆರ್ ದಾರಿಯಲ್ಲಿ ಐಆರ್ ಈ ಕೆಲಸ ಮಾಡಬೇಕು. ಒಂದಷ್ಟು ಮಾಡುತ್ತದೆ ಕೂಡ. ಆದರೆ ಸ್ಪೀಕರ್‌ಗೆ ಒತ್ತಿ ಹಿಡಿದ ಮೈಕ್‌ನಿಂದ ತೆಗೆದ ಐಆರ್‌ಗಳಲ್ಲಿ ಸಾಮೀಪ್ಯದ ಕಾರಣಕ್ಕೆ ಮಂದ್ರ ಮೊದಲೇ ಉಬ್ಬಿರುತ್ತದೆ. ಅದರ ಮೇಲೆ ಡಿಎಸ್‌ಪಿಯ ಔದಾರ್ಯ ಬೇರೆ. ಊದುವ ಬೆಂಕಿಗೆ ಗಾಳಿ ಹಾಕಿದಂತಾಯಿತು.

ಯಾವ ಸ್ಪೀಕರ್ ಇದ್ದರೂ ನಡೆಯುವ ಮದ್ದು ಎರಡು. ಮಾಡೆಲರ್‌ನ ಕ್ಯಾಬ್ ಬ್ಲಾಕ್‌ನಲ್ಲಿ 90 ಹರ್ಟ್ಸ್ ಆಸುಪಾಸಿನಲ್ಲಿ ಲೋ ಕಟ್, ಅಂದರೆ ಅದರ ಕೆಳಗಿನದನ್ನು ಕತ್ತರಿಸುವುದು. ಅದಕ್ಕಿಂತ ಮುಖ್ಯವಾದದ್ದು ಆ್ಯಂಪ್‌ಗೆ ಮೊದಲು ಒಂದು ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಅದು ಮಂದ್ರವನ್ನು ಡಿಸ್ಟಾರ್ಷನ್ ಒಳಗೆ ಹೋಗುವ ಮೊದಲೇ ಕತ್ತರಿಸುತ್ತದೆ. ಕೆಸರಾದ ಮೇಲೆ ಸೋಸುವುದಕ್ಕಿಂತ ಕೆಸರಾಗಲು ಬಿಡದಿರುವುದು ಸುಲಭ.

ಸ್ಟುಡಿಯೊ ಮಾನಿಟರ್‌ಗಳು ನನ್ನಲ್ಲಿದ್ದದ್ದು 5 ಇಂಚಿನವು. ಬಿಗಿ ಎನಿಸಿತು, ಆದರೆ ಇ ಸ್ವರ ಎಲ್ಲೋ ಕಾಣೆಯಾಗುತ್ತಿತ್ತು. ಸ್ಪೀಕರ್ ಹಿಂದಿನ ಗೋಡೆ ಸರಿಯಾಗಿ ಒಂದು ಮೀಟರ್ ದೂರದಲ್ಲಿತ್ತು. ಅಷ್ಟು ದೂರದ ಗೋಡೆಗೆ ಬಡಿದು ಹಿಂದಿರುಗುವ ಅಲೆ ಸುಮಾರು 86 ಹರ್ಟ್ಸ್‌ನಲ್ಲಿ ನೇರ ಅಲೆಯನ್ನು ಅಳಿಸುತ್ತದೆ, ಇ ಇರುವುದು ಅಲ್ಲೇ. ಗೋಡೆಗೆ 30 ಸೆಂಟಿಮೀಟರ್ ಹತ್ತಿರಕ್ಕೆ ತಂದಾಗ ಇ ವಾಪಸು ಬಂತು. ಪ್ಯಾಚ್ ತಿದ್ದಲು ಈಗಲೂ ಇವೇ ನನಗೆ ಆಧಾರ. ಡ್ರಮ್ಮರ್ ಪಕ್ಕದಲ್ಲಿ ಇಟ್ಟರೆ ಪಾಪ, ಕೇಳಿಸುವುದೇ ಇಲ್ಲ.

ಹೆಡ್‌ಫೋನ್: ಕೋಣೆಯೇ ಇಲ್ಲದ ಕಾರಣ ತಪ್ಪು ಹುಡುಕಲು ಒಳ್ಳೆಯದು, ಎದೆಗೆ ತಟ್ಟುವ ಮಂದ್ರವನ್ನು ಅಳೆಯಲು ಕೆಟ್ಟದ್ದು.

ಗೆಳೆಯನ ಟ್ಯೂಬ್ ಕಾಂಬೊ ಆ್ಯಂಪ್‌ನ (ಆ್ಯಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಎಫೆಕ್ಟ್ಸ್ ರಿಟರ್ನ್‌ಗೂ, ಅಂದರೆ ಸದ್ದನ್ನು ಸೀದಾ ಪವರ್ ಆ್ಯಂಪ್‌ಗೆ ಒಯ್ಯುವ ಕಿಂಡಿಗೂ, ಚುಚ್ಚಿ ನೋಡಿದೆ. ಮಾಡೆಲರ್‌ನ ಪವರ್ ಆ್ಯಂಪ್ ನಕಲು ಒಂದು ಕಡೆ, ನಿಜವಾದ ಟ್ಯೂಬ್‌ಗಳು ಇನ್ನೊಂದು ಕಡೆ, ಎತ್ತು ಏರಿಗೆ ಕೋಣ ನೀರಿಗೆ. ಸ್ಪೀಕರ್‌ನ ಅನುರಣನದ ಜಾಗದಲ್ಲಿ ಅದರ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಬೆಟ್ಟದಂತೆ ಏರುತ್ತದೆ, ಟ್ಯೂಬ್ ಆ್ಯಂಪ್ ಅಲ್ಲೇ ಹೆಚ್ಚು ಸದ್ದು ತಳ್ಳುತ್ತದೆ. ಮಾಡೆಲರ್ ಆ ಏರಿಕೆಯನ್ನು ಮೊದಲೇ ನಕಲು ಮಾಡಿ ಕಳಿಸಿದ್ದರೆ ಎರಡು ಪಟ್ಟು. ನಕಲನ್ನು ಆಫ್ ಮಾಡಿದ ಮೇಲೆ ಸುಧಾರಿಸಿತು. ಆದರೂ ಆ ಕಾಂಬೊದ ಬೆನ್ನು ತೆರೆದಿತ್ತು. ಹಿಂದಿನ ಅಲೆ ಮುಂದಿನದನ್ನು ತಿನ್ನುವುದರಿಂದ ಮಂದ್ರ ತೆಳುವಾಗಿ, ಸಡಿಲವಾಗಿ ತೇಲುತ್ತದೆ. ಕ್ಲೀನ್ ಸದ್ದಿಗೆ ಸ್ವರ್ಗ, ನನ್ನ ರಿಫ್‌ಗೆ ಅಲ್ಲ.

ಕೊನೆಗೆ ನನ್ನ ಮೆಚ್ಚಿನದು. ಹಳೆಯದೊಂದು ಮುಚ್ಚಿದ ಕ್ಯಾಬಿನೆಟ್, ಒಳಗೆ ವಿಂಟೇಜ್ 30, ಜೊತೆಗೆ ಪೆಡಲ್‌ಬೋರ್ಡ್ ಮೇಲೆಯೇ ಕೂರುವ ಕ್ಲಾಸ್ ಡಿ ಆ್ಯಂಪ್. ಮಾಡೆಲರ್‌ನಲ್ಲಿ ಐಆರ್ ಆಫ್ ಮಾಡಿದೆ, ಲೂಪರ್ ಒತ್ತಿದೆ. ಮೊದಲ ಪೆಟ್ಟಿಗೇ ‘ಧಕ್’. ರಂಧ್ರವಿರುವ ಪೆಟ್ಟಿಗೆ ತನ್ನ ಮಿತಿಯವರೆಗೆ ಮಂದ್ರವನ್ನು ಎತ್ತಿ ಹಿಡಿದು, ಅದರಾಚೆ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ, ಆ ಅಂಚಿನಲ್ಲೇ ಸದ್ದು ತಡವಾಗಿ ನಿಲ್ಲುತ್ತದೆ. ಮುಚ್ಚಿದ ಪೆಟ್ಟಿಗೆ 12ರಂತೆ ಮೆಲ್ಲನೆ ಇಳಿಯುತ್ತದೆ, ಒಳಗಿನ ಗಾಳಿ ಸ್ಪ್ರಿಂಗಿನಂತೆ ಸ್ಪೀಕರ್‌ನ ಕೋನನ್ನು (ಅದುರುವ ಶಂಕುವನ್ನು) ಹಿಡಿದು ನಿಲ್ಲಿಸುತ್ತದೆ. ಕ್ಲಾಸ್ ಡಿ ಆ್ಯಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಕಡಿಮೆಯಾದ್ದರಿಂದ ಅದೂ ಕೋನಿನ ಜುಟ್ಟು ಬಿಡುವುದಿಲ್ಲ. ಕಾಗದದ ಮೇಲೆ ಇದರ ಮಂದ್ರ ಎಫ್‌ಆರ್‌ಎಫ್‌ಆರ್‌ಗಿಂತ ಕಡಿಮೆಯೇ. ಕಿವಿಗೆ ಹೆಚ್ಚು ಭಾರ ಎನಿಸುತ್ತದೆ, ಏಕೆಂದರೆ ಪೆಟ್ಟುಗಳ ನಡುವೆ ಖಾಲಿ ಜಾಗ ಸಿಗುತ್ತದೆ.

ತೊಂದರೆಗಳಿವೆ. ಭಾರ ಹೊರಬೇಕು. ಎಲ್ಲ ಪ್ಯಾಚ್‌ಗೂ ಒಂದೇ ಸ್ಪೀಕರ್‌ನ ಬಣ್ಣ, ಅಕೂಸ್ಟಿಕ್ ನಕಲು ಇದರಲ್ಲಿ ಡಬ್ಬದ ಸದ್ದು. ನೇರ ಎದುರು ನಿಂತರೆ ಕಿವಿ ಕೊರೆಯುತ್ತದೆ, ಪಕ್ಕಕ್ಕೆ ಸರಿದರೆ ಮಬ್ಬು. ಕೊಳ್ಳುವಾಗ ಆ್ಯಂಪ್‌ನ ವ್ಯಾಟ್ ಎಷ್ಟು ಓಮ್‌ಗೆ ಎಂದು ನೋಡಿಕೊಳ್ಳಿ, 4 ಓಮ್‌ಗೆ ಬರೆದದ್ದು 8 ಓಮ್‌ನಲ್ಲಿ ಸುಮಾರು ಅರ್ಧವಾಗುತ್ತದೆ. ವಿಂಟೇಜ್ 30 ತಡೆಯುವುದು 60 ವ್ಯಾಟ್ ಎಂಬುದನ್ನೂ ಮರೆಯಬೇಡಿ. ಸಭಾಂಗಣದ ಮಿಕ್ಸರ್‌ಗೆ ಐಆರ್ ಸಮೇತ, ಕ್ಯಾಬಿನೆಟ್‌ಗೆ ಐಆರ್ ಇಲ್ಲದೆ, ಹೀಗೆ ಎರಡು ಔಟ್‌ಪುಟ್ ಬೇರ್ಪಡಿಸಲು ನನಗೆ ಒಂದು ಸಂಜೆ ಹಿಡಿಯಿತು.

ಬೇರೆ ಬೇರೆ ಗಿಟಾರ್ ಸ್ಪೀಕರ್‌ಗಳಂತೆ ನುಡಿಯಬಲ್ಲ ಲೈನ್ 6 ಪವರ್‌ಕ್ಯಾಬ್, ಕೆಂಪರ್ ಕ್ಯಾಬಿನೆಟ್‌ನಂಥ ನಡುದಾರಿಗಳೂ ಇವೆ. ನನ್ನ ಜೇಬು ಅಷ್ಟು ದೂರ ಬರಲಿಲ್ಲ. ನಾನು ಹೆಚ್ಚಾಗಿ ಒಂದೇ ಕೋಣೆಯಲ್ಲಿ ಡ್ರಮ್ಮರ್ ಜೊತೆ ನುಡಿಸುತ್ತೇನೆ, ಪ್ಯಾಚ್ ಇರುವುದು ಮೂರೇ, ಅಕೂಸ್ಟಿಕ್ ಸದ್ದು ಬೇಕಾಗುವುದೇ ಇಲ್ಲ. ಒಂದೇ ಸಂಜೆ ಹತ್ತು ಬಗೆಯ ಹಾಡು ನುಡಿಸುವವರಾದರೆ ನನ್ನ ಮಾತು ಕೇಳಬೇಡಿ. ಎಫ್‌ಆರ್‌ಎಫ್‌ಆರ್ ತೆಗೆದುಕೊಂಡು ಸ್ಟೂಲ್ ಮೇಲಿಡಿ, ಪ್ಯಾಚನ್ನು ವೇದಿಕೆಯ ಧ್ವನಿಯಲ್ಲೇ ಹೊಂದಿಸಿ.

ನನ್ನದನ್ನು ಕೊಂಡವರು ಕೀಬೋರ್ಡ್ ನುಡಿಸುತ್ತಾರೆ. ಪರೀಕ್ಷಿಸಲು ಬಂದವರು ಅದನ್ನು ಸೀದಾ ನೆಲದ ಮೇಲಿಟ್ಟು, ಗೋಡೆಗೆ ಒರಗಿಸಿ, ಎಡಗೈಯಲ್ಲಿ ಒಂದು ಸ್ವರ ಒತ್ತಿದರು. ಕೋಣೆಯೆಲ್ಲ ‘ಧೂಂ’ ಎಂದಿತು. “ಎಷ್ಟು ತುಂಬಿದ ಮಂದ್ರ!” ಎಂದು ಮುಖ ಅರಳಿಸಿದರು. ನಾನು ಪವರ್ ಕೇಬಲ್ ಸುತ್ತಿ ಅವರ ಕೈಗಿಟ್ಟೆ.